ಗೆರೆ ಮುಟ್ಟುವಷ್ಟು ಎಣ್ಣೆ

ಕೇಳದೆಯೇ ಕೊಡುವ, ಕೇಳಿದಾಗ ಕೆಲವು ಸಲ ಸುಮ್ಮನಿರುವ ನನ್ನಪ್ಪ ಶಿವನಿಗೆ ಮೊದಲು ಶರಣು. ಅಂಗೈಯಲ್ಲಿ ಕುಳಿತು ನನ್ನ ಗೊಣಗಾಟವನ್ನೆಲ್ಲ ದಿನಾ ಕೇಳಿಸಿಕೊಳ್ಳುವ ಇಷ್ಟಲಿಂಗಕ್ಕೆ ಶರಣು. ಮುಂದೆ ಹೇಳುವುದರಲ್ಲಿ ಕಹಿ ಹೆಚ್ಚಾದರೆ ಅದು ನನ್ನ ನಾಲಿಗೆಯದು. ನಗು ಬಂದರೆ ಅವನ ಪ್ರಸಾದ.

ಇಂಥವು ನಮಗೇ ಯಾಕೆ ಆಗುತ್ತವೋ ಗೊತ್ತಿಲ್ಲ. ಇನ್ನು ಆಗಲಾರದು ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಆಗಿರುತ್ತದೆ.

ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂಬದಿಯಲ್ಲಿ ನನ್ನದೊಂದು ಟೈಪಿಂಗ್ ಶಾಲೆ ಇತ್ತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಟೈಪ್‌ರೈಟರ್‌ಗಳನ್ನು ಮೂಲೆಗೆ ಸರಿಸಿ ಕಂಪ್ಯೂಟರ್ ಇಟ್ಟೆ. ಬೋರ್ಡು ಬದಲಾಯಿತು. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ದೀಪ ಹಚ್ಚುವುದು ಬದಲಾಗಲಿಲ್ಲ. ಕಂಪ್ಯೂಟರ್‌ಗಳಿಗೂ ವಿಭೂತಿ ಹಚ್ಚುತ್ತಿದ್ದೆ. ರಿಪೇರಿಯವನು ಬಂದಾಗಲೆಲ್ಲ ಒಳಗಿನ ಫ್ಯಾನಿನಿಂದ ಬೂದಿ ಊದಿ ತೆಗೆದು, "ಅಕ್ಕಾ, ದೇವರು ಹೊರಗಿದ್ರೆ ಸಾಕು, ಒಳಗೆ ಬೇಡ" ಅನ್ನುತ್ತಿದ್ದ.

ನನ್ನ ಅಣ್ಣಯ್ಯ ಇಪ್ಪತ್ತು ವರ್ಷ ಕೊಪ್ಪದಿಂದ ಬಸರೀಕಟ್ಟೆಗೆ ಜೀಪು ಹೊಡೆದವನು. ಒಂದು ದಿನ ಎಸ್ಟೇಟಿನ ಆಳುಗಳನ್ನು ತುಂಬಿಕೊಂಡು ಹೋಗುವಾಗ ರಸ್ತೆಗೆ ಬಾಗಿದ್ದ ಬಿದಿರು ಮುಖಕ್ಕೆ ಬಡಿದು ಅವನ ಬಲಗಣ್ಣು ಹೋಯಿತು. ಒಂದೇ ಕಣ್ಣಿನಲ್ಲಿ ದೂರ ಎಷ್ಟು, ಹತ್ತಿರ ಎಷ್ಟು ಎಂಬ ಅಂದಾಜು ಸಿಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಲೈಸೆನ್ಸ್ ಹೋಯಿತು, ಹಿಂದೆಯೇ ಜೀಪೂ ಹೋಯಿತು. ಆಮೇಲೆ ಅಣ್ಣಯ್ಯ ಊಟಕ್ಕೆ ಕುಳಿತರೆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ, ಬಲಕ್ಕೆ ತಿರುಗಿಸುತ್ತಿದ್ದ. ಸಾರು ಚೆಲ್ಲುತ್ತಿತ್ತು. ಅತ್ತಿಗೆ ಒರೆಸುತ್ತಿದ್ದರು, ಏನೂ ಹೇಳುತ್ತಿರಲಿಲ್ಲ.

ಅವನ ಕೈಗೆ ಒಂದು ಸ್ಟೇರಿಂಗ್ ತಂದುಕೊಡಬೇಕೆಂದು ನಾವು ಪಟ್ಟ ಪಾಡು ಇದು.

೧. ಹಾರ್ನ್ ಇಲ್ಲದ ಗಾಡಿ

ಒಂದು ಮಧ್ಯಾಹ್ನ ಟ್ಯಾಲಿ ಕಲಿಯಲು ಬರುವವರು ಯಾರೋ ಕಾರಿನ ಆಟ ಹಾಕಿಟ್ಟು ಹಾಗೇ ಎದ್ದು ಹೋಗಿದ್ದರು. ಅಣ್ಣಯ್ಯ ಬಂದವನು ಅದರ ಮುಂದೆ ಕುಳಿತ. ಕೀಬೋರ್ಡಿನ ಬಾಣದ ಗುರುತುಗಳನ್ನು ಒತ್ತಿ ನೋಡಿದ. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದ.

"ತಂಗೀ, ಇಲ್ಲಿ ನಂಗೆ ಎಲ್ಲ ಸರಿ ಕಾಣ್ತದೆ ಮಾರಾಯ್ತಿ."

ನಿಜವೇ. ಪರದೆ ಚಪ್ಪಟೆ, ಅದಕ್ಕೆ ಆಳವಿಲ್ಲ. ಅದರ ಮುಂದೆ ಒಂದು ಕಣ್ಣಿನವನೂ ಒಂದೇ, ಎರಡು ಕಣ್ಣಿನವನೂ ಒಂದೇ. ಶಿವ ಕಣ್ಣು ತೆಗೆದುಕೊಂಡು ರಸ್ತೆ ಕೊಟ್ಟ ಎಂದು ನಾನು ಆವತ್ತು ಎರಡು ಬತ್ತಿ ಹೆಚ್ಚಿಗೆ ಹಚ್ಚಿದೆ.

ಅಲ್ಲಿಂದ ಅವನು ದಿನಾ ಬರತೊಡಗಿದ. ತೊಂದರೆ ಒಂದೇ. ಘಾಟಿ ರಸ್ತೆಯಲ್ಲಿ ಪ್ರತಿ ತಿರುವಿಗೂ ಹಾರ್ನ್ ಹೊಡೆದು ಅಭ್ಯಾಸವಾದವನು. ಆಟದ ಗಾಡಿಗೆ ಹಾರ್ನ್ ಇರಲಿಲ್ಲ. ಹಾಗಾಗಿ ಅವನೇ ಬಾಯಲ್ಲಿ "ಪೋಂ" ಅನ್ನುತ್ತಿದ್ದ. ಒಂದು ಸುತ್ತಿಗೆ ಎಷ್ಟು ತಿರುವೋ ಅಷ್ಟು ಪೋಂ.

ಮೇಲಿನ ಮಹಡಿಯ ಹಲ್ಲಿನ ಡಾಕ್ಟರು ಒಂದು ವಾರ ತಡೆದುಕೊಂಡು ಕೆಳಗೆ ಬಂದರು. "ಯಜಮಾನ್ರೇ, ನಾನು ಪೇಶೆಂಟ್ ಬಾಯಿ ತೆಗೆಸ್ತೇನೆ, ನೀವು ಕೆಳಗಿಂದ ಪೋಂ ಅಂತೀರಿ. ಅವರು ಹೆದರಿ ಬಾಯಿ ಮುಚ್ತಾರೆ. ಆವಾಗ ನನ್ನ ಬೆರಳು ಎಲ್ಲಿರ್ತದೆ ಯೋಚನೆ ಮಾಡಿ."

"ಅಲ್ಲ ಡಾಕ್ಟ್ರೇ, ತಿರುವಲ್ಲಿ ಎದುರಿಂದ ಯಾರಾದ್ರೂ ಬಂದ್ರೆ?"

"ಅಣ್ಣಯ್ಯಾ, ಅದು ಎಲ್ಲರೂ ಒಂದೇ ಕಡೆಗೆ ಹೋಗುವ ರಸ್ತೆ. ಎದುರಿಂದ ಯಾರೂ ಬರೋದಿಲ್ಲ" ಎಂದೆ ನಾನು.

ಅಣ್ಣಯ್ಯ ಪರದೆಯಿಂದ ಕಣ್ಣು ತೆಗೆಯದೆ ಹೇಳಿದ: "ಅಂಥ ರಸ್ತೆ ಇದ್ದಿದ್ರೆ ನಾನು ಡ್ರೈವರ್ ಅಲ್ಲ, ಡಾಕ್ಟರೇ ಆಗ್ತಿದ್ದೆ."

೨. ಪೈಪ್ ಹಾಕಿ ಹೀರುವವರು

ಶೃಂಗೇರಿಯಲ್ಲಿ ಒಬ್ಬರದು ನನ್ನಂಥದೇ ಸೆಂಟರ್ ಇತ್ತು. ನರಸಿಂಹರಾಜಪುರದಲ್ಲಿ, ಅಂದರೆ ನಮ್ಮ ಬಾಯಲ್ಲಿ ಎನ್.ಆರ್. ಪುರದಲ್ಲಿ, ಫೋಟೋ ಸ್ಟುಡಿಯೋದವರೊಬ್ಬರು ತಮ್ಮ ಸ್ಟುಡಿಯೋದ ಪಕ್ಕದಲ್ಲೇ ಇನ್ನೊಂದು ಇಟ್ಟಿದ್ದರು. ಮೂವರೂ ಸೇರಿ ಮಂಗಳೂರಿನಿಂದ ಆಟಕ್ಕೆ ಜೋಡಿಸುವ ಸ್ಟೇರಿಂಗ್ ತರಿಸಿದೆವು. ಕಾಲಿಗೆ ಕ್ಲಚ್, ಬ್ರೇಕ್, ಎಕ್ಸಲೇಟರ್ ಎಲ್ಲ ಇರುವಂಥದ್ದು. ಅದು ಒಂದೇ ಸಿಕ್ಕಿತು. ಮೂರು ಊರಿಗೆ ಒಂದು ಸ್ಟೇರಿಂಗ್ ಹಂಚುವುದು ಹೇಗೆ? ವರ್ಷಕ್ಕೊಂದು ಓಟ ಇಡುವುದು, ಎಲ್ಲರೂ ಕೀಬೋರ್ಡಿನಲ್ಲೇ ಓಡಿಸುವುದು, ಗೆದ್ದವರು ಒಂದು ವರ್ಷ ಸ್ಟೇರಿಂಗ್ ಇಟ್ಟುಕೊಳ್ಳುವುದು ಎಂದಾಯಿತು. ಮೊದಲ ಸಲ ಶೃಂಗೇರಿಯಲ್ಲಿ ಅದನ್ನು ಮೇಜಿನ ಮೇಲಿಟ್ಟು ದಾಸವಾಳದ ಹಾರ ಹಾಕಿದ್ದರು. ಅಣ್ಣಯ್ಯ ಹತ್ತಿರ ಹೋಗಿ ಎರಡೂ ಕೈಯಲ್ಲಿ ಹಿಡಿದ. ಹಿಡಿದವನು ಬಿಡಲಿಲ್ಲ. ನಾನೇ ಬಿಡಿಸಿ ಕರೆದುಕೊಂಡು ಬಂದೆ.

ಓಟವೆಂದರೆ ಐದು ನಿಮಿಷದ್ದಲ್ಲ, ಆರು ತಾಸಿನದು. ನಡುವೆ ಎಣ್ಣೆ ಹಾಕಿಸಲು ನಿಲ್ಲುವ ಜಾಗಕ್ಕೆ ಪಿಟ್ ಎನ್ನುತ್ತಾರೆ. ಪೆಟ್ರೋಲಿಗೂ ಡೀಸೆಲ್ಲಿಗೂ ಅಣ್ಣಯ್ಯ ಹೇಳುವುದು ಎಣ್ಣೆ ಎಂದೇ. ಟ್ಯಾಂಕ್ ತುಂಬಿಸಿದರೆ ಗಾಡಿ ಭಾರವಾಗಿ ಓಡುವುದಿಲ್ಲ. ಕಡಿಮೆ ಹಾಕಿದರೆ ಹಗುರವಾಗಿ ಓಡುತ್ತದೆ, ಆದರೆ ಮತ್ತೆ ಮತ್ತೆ ನಿಲ್ಲಬೇಕು, ನಿಂತಾಗಲೆಲ್ಲ ಒಂದು ನಿಮಿಷದ ಹತ್ತಿರ ಹೋಯಿತು. ಎಷ್ಟು ಹಾಕುವುದು, ಎಷ್ಟು ಸಲ ನಿಲ್ಲುವುದು, ಈ ತೂಕವೇ ಇಡೀ ಓಟ. ಆ ತೂಕ ನೋಡುವ ಕೆಲಸ ನನ್ನದು. ಬತ್ತಿ ಎಷ್ಟು ದಪ್ಪ ಇದ್ದರೆ ನಂದಾದೀಪಕ್ಕೆ ಬೆಳಗಿನವರೆಗೆ ಎಷ್ಟು ಎಣ್ಣೆ ಬೇಕು ಎಂದು ಗೊತ್ತಿದ್ದವಳಿಗೆ ಇದೇನು ಮಹಾ ಎಂದುಕೊಂಡಿದ್ದೆ.

ಅಣ್ಣಯ್ಯ ದಣಿದಾಗ ಓಡಿಸಲು ಒಬ್ಬ ಜೊತೆಗಾರ ಬೇಕಿತ್ತು. ಬಂದವನು ಬಸರೀಕಟ್ಟೆ ಬಸ್ಸಿನ ಕಂಡಕ್ಟರ್. ಇಪ್ಪತ್ತು ವರ್ಷ ಅವನಿಗೂ ಅಣ್ಣಯ್ಯನಿಗೂ ಮಾತಿರಲಿಲ್ಲ. ಜೀಪಿನವರ ಜೀವನವೇ ಅಷ್ಟು: ಪ್ರತಿ ಸ್ಟಾಪಿಗೂ ಬಸ್ಸಿಗಿಂತ ಚೂರು ಮುಂಚೆ ಹೋಗಿ, ನಿಂತ ಜನರನ್ನು ತುಂಬಿಕೊಂಡು ಹೊರಟುಬಿಡಬೇಕು. ಬಸ್ಸು ಬರುವಾಗ ಅಲ್ಲಿ ಜೀಪಿನ ಹೊಗೆ ಮಾತ್ರ ಇರುತ್ತಿತ್ತು. ಜೀಪು ಮಾರಿದ ಸುದ್ದಿ ತಿಳಿದು ಕಂಡಕ್ಟರ್ ಮನೆಗೇ ಬಂದ. "ಈಗ ಸ್ಟಾಪಲ್ಲೆಲ್ಲ ಜನ ಇರ್ತಾರೆ ಮಾರಾಯ. ಬೈಯಕ್ಕೆ ಯಾರೂ ಇಲ್ಲ. ಬೇಜಾರು" ಅಂದ. ಆವತ್ತಿನಿಂದ ಗೆಳೆಯರು.

ಮೊದಲ ಓಟ ಶುರುವಾಯಿತು. ಮೊದಲ ಪಿಟ್ಟಿಗೆ ಬಂದಾಗ ಟ್ಯಾಂಕಿನ ಮುಕ್ಕಾಲು ಹಾಕು ಎಂದೆ. ಅಣ್ಣಯ್ಯ ಕಾಲು ಭಾಗ ಹಾಕಿ ಹೊರಟ. ಅದು ಬೇಗ ಮುಗಿದು ಮತ್ತೆ ಬಂದ, ಮತ್ತೆ ಕಾಲು ಹಾಕಿದ. ಉಳಿದವರು ಒಂದು ಸಲ ನಿಂತರೆ ನಾವು ಮೂರು ಸಲ ನಿಂತೆವು. ನನ್ನ ಮಾತು ಅವನ ಕಿವಿಗೇ ಹೋಗಲಿಲ್ಲ. ಓಟದಲ್ಲಿ ಕೊನೆಯವರಾದ ಮೇಲೆ ಕಂಡಕ್ಟರ್ ಕೇಳಿದ: "ಅಲ್ಲ ಮಾರಾಯ, ಅಕ್ಕ ಅಷ್ಟು ಹೇಳಿದ್ರೂ ಎಂತಕ್ಕೆ ತುಂಬಿಸ್ಲಿಲ್ಲ?"

"ಬಸರೀಕಟ್ಟೆಯಲ್ಲಿ ಜೀಪು ಹೊರಗೆ ನಿಲ್ಲಿಸಿದವನು ಯಾವನಾದ್ರೂ ಟ್ಯಾಂಕ್ ತುಂಬಿಸ್ತಾನಾ? ಬೆಳಗಾಗೋದ್ರೊಳಗೆ ಪೈಪ್ ಹಾಕಿ ಹೀರ್ತಾರೆ."

"ಕಂಪ್ಯೂಟರ್‌ಗೆ ಯಾರು ಪೈಪ್ ಹಾಕ್ತಾರೆ?"

ಅಣ್ಣಯ್ಯ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ. "ಈ ಎನ್.ಆರ್. ಪುರದವರನ್ನ ನಂಬಕ್ಕಾಗಲ್ಲ."

೩. ಉಳಿತಾಯ

ಶೃಂಗೇರಿಯವರು ಗೆದ್ದಿದ್ದರಿಂದ ಸ್ಟೇರಿಂಗ್ ಅಲ್ಲೇ ಉಳಿಯಿತು. ಅಣ್ಣಯ್ಯ ಪ್ರತಿ ಭಾನುವಾರ ಬಸ್ಸು ಹತ್ತಿ ಅಲ್ಲಿಗೆ ಹೋಗತೊಡಗಿದ. ಇಪ್ಪತ್ತು ವರ್ಷ ಗಾಡಿ ಹೊಡೆದವನು ಹೈಸ್ಕೂಲು ಮಕ್ಕಳ ಹಿಂದೆ ಸಾಲಿನಲ್ಲಿ ನಿಂತು, ಅರ್ಧ ತಾಸು ಸ್ಟೇರಿಂಗ್ ಹಿಡಿದು, ವಾಪಸು ಬರುತ್ತಿದ್ದ. "ಸೆಂಟರಿನವರು ಒಳ್ಳೆಯವರು, ನಂಗೆ ಅಂತ ಕುರ್ಚಿ ಒರೆಸಿ ಕೊಡ್ತಾರೆ" ಅನ್ನುತ್ತಿದ್ದ.

ಎರಡನೇ ವರ್ಷ ನಾನು ಅವನಿಗೆ ಕಟ್ಟುನಿಟ್ಟಾಗಿ ಹೇಳಿದೆ: ಟ್ಯಾಂಕ್ ತುಂಬಿಸು, ಎಣ್ಣೆ ಉಳಿಸು, ಒಂದು ಪಿಟ್ ಕಡಿಮೆ ಮಾಡೋಣ.

ಎಣ್ಣೆ ಉಳಿಸುವುದನ್ನು ಘಾಟಿ ಡ್ರೈವರಿಗೆ ಕಲಿಸಬೇಕೆ? ಇಳಿಜಾರು ಬಂದ ಕೂಡಲೇ ಅಣ್ಣಯ್ಯ ನ್ಯೂಟ್ರಲ್‌ಗೆ ಹಾಕಿ ಕೈಕಟ್ಟಿ ಕುಳಿತ. ಗಾಡಿ ತನ್ನಷ್ಟಕ್ಕೆ ಉರುಳಿತು. ಇಳಿಜಾರು ಮುಗಿದು ಸಮತಟ್ಟು ಬಂದರೂ ಗೇರ್ ಹಾಕಲಿಲ್ಲ. "ಇನ್ನೂ ಓಟ ಉಂಟು ಅದಕ್ಕೆ, ತಡಿ" ಅಂದ. ಶೃಂಗೇರಿಯ ಗಾಡಿ ನಮ್ಮನ್ನು ದಾಟಿ ಹೋಯಿತು. ಸ್ವಲ್ಪ ಹೊತ್ತಿಗೆ ಒಂದು ಸುತ್ತು ಮುಗಿಸಿ ಬಂದು ಮತ್ತೆ ದಾಟಿತು.

"ಅಣ್ಣಯ್ಯಾ, ಗೇರ್ ಹಾಕು."

"ಎಣ್ಣೆ ಉಳೀತಾ ಇದೆ ಅಲ್ದಾ? ನೀನೇ ಹೇಳಿದ್ದು."

ಅವನು ಹೇಳಿದ್ದು ಸುಳ್ಳಲ್ಲ. ಪಿಟ್ ಒಂದಲ್ಲ, ಎರಡು ಕಡಿಮೆಯಾಯಿತು. ಆರು ತಾಸು ಮುಗಿಯುವಾಗ ನಮ್ಮ ಟ್ಯಾಂಕಿನಲ್ಲಿ ಅರ್ಧ ಎಣ್ಣೆ ಹಾಗೇ ಇತ್ತು. ಆ ಭಾರವನ್ನು ಕೊನೆಯವರೆಗೂ ಹೊತ್ತುಕೊಂಡು ಓಡಿ ನಾವು ಮತ್ತೆ ಕೊನೆಯವರಾಗಿದ್ದೆವು. ಎಲ್ಲರೂ ಎದ್ದು ಕೈಕುಲುಕುತ್ತಿದ್ದಾಗ ಅಣ್ಣಯ್ಯ ಒಬ್ಬನೇ ಖುಷಿಯಲ್ಲಿದ್ದ. ಶೃಂಗೇರಿಯ ಯಜಮಾನರನ್ನು ಪಕ್ಕಕ್ಕೆ ಕರೆದು ವಿನಯದಿಂದ ಕೇಳಿದ:

"ಈ ಉಳಿದ ಎಣ್ಣೆ ಮುಂದಿನ ವರ್ಷಕ್ಕೆ ನಮ್ಮ ಟ್ಯಾಂಕಲ್ಲೇ ಇರ್ತದಲ್ಲ?"

೪. ಪಂಕ್ತಿ

ಮೂರನೇ ವರ್ಷ ನಾವು ನಿಜವಾಗಿ ಚೆನ್ನಾಗಿ ಓಡಿದೆವು. ಎಣ್ಣೆ ತೂಕಕ್ಕೆ ಸರಿಯಾಗಿ ಬಿತ್ತು, ನ್ಯೂಟ್ರಲ್ ಬೇಕಾದಲ್ಲಿ ಮಾತ್ರ ಬಂತು. ಮಧ್ಯಾಹ್ನದ ಹೊತ್ತಿಗೆ ಮುಂದೆ ಇದ್ದವರು ನಾವೇ. ಸ್ಟೇರಿಂಗ್ ಮೇಲಿದ್ದ ದಾಸವಾಳ ನನ್ನ ಕಡೆಗೇ ತಿರುಗಿದಂತೆ ಕಾಣುತ್ತಿತ್ತು.

ಸೆಂಟರ್ ಇದ್ದದ್ದು ಯಜಮಾನರ ಮನೆಯ ಮುಂಭಾಗದಲ್ಲಿ. ನಾವು ಎಣ್ಣೆಗೆಂದು ಪಿಟ್ಟಿಗೆ ಬಂದ ಕ್ಷಣಕ್ಕೆ ಸರಿಯಾಗಿ ಅವರು ಒಳಬಾಗಿಲಲ್ಲಿ ಕಾಣಿಸಿಕೊಂಡು, "ಎಲೆ ಹಾಕಿದೆ. ಎರಡು ತುತ್ತು ಉಂಡುಬಿಡಿ. ಹೇಗೂ ನಿಂತಿದ್ದೀರಲ್ಲ" ಅಂದರು. ಹಾಕಿದ ಎಲೆಯನ್ನು ಬೇಡವೆನ್ನುವುದು ಹೇಗೆ? ಅನ್ನ ಶಿವನ ರೂಪ. ಐದು ನಿಮಿಷ ಎಂದುಕೊಂಡು ನಾನು, ಅಣ್ಣಯ್ಯ, ಕಂಡಕ್ಟರ್ ಮೂವರೂ ಕುಳಿತೆವು. ಗಾಡಿ ಪಿಟ್ಟಿನಲ್ಲಿ ನಿಂತಿತ್ತು. ನಾವು ಹೊರಡಿಸುವವರೆಗೂ ಅದು ನಿಂತೇ ಇರುತ್ತದೆ.

ಪಂಕ್ತಿಯ ತುದಿಯಲ್ಲಿ ಯಜಮಾನರ ತಂದೆ ಕುಳಿತಿದ್ದರು. ತುಂಬಾ ವಯಸ್ಸಾದ ಅಜ್ಜ. ಬಾಯಲ್ಲಿ ಹಲ್ಲಿಲ್ಲ. ಪಂಕ್ತಿಯಲ್ಲಿ ಹಿರಿಯರು ಏಳುವವರೆಗೆ ಉಳಿದವರು ಏಳುವಂತಿಲ್ಲ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಜ್ಜ ಹಪ್ಪಳವನ್ನು ಸಾರಿನಲ್ಲಿ ನೆನೆಯಲು ಇಟ್ಟು ಕಾಯುತ್ತಿದ್ದರು.

ಪಾಯಸ ಬಂತು. ಸಾಕು ಅಂದರೆ ಇನ್ನೊಂದು ಸೌಟು ಬಂತು. ಎಲೆಗೆ ಕೈ ಅಡ್ಡ ಹಿಡಿದರೆ ಕೈ ಸರಿಯುವವರೆಗೂ ಸೌಟು ಹಿಡಿದು ನಿಂತರು. ಶೃಂಗೇರಿಯವರು ಮೂರು ಜನ. ಇಬ್ಬರು ನಮಗೆ ಬಡಿಸುತ್ತಿದ್ದರು, ಒಬ್ಬ ಒಳಗೆ ಓಡಿಸುತ್ತಿದ್ದ. ಅವನು ಬೆಳಗ್ಗೆಯೇ ಗಂಜಿ ಕುಡಿದಿದ್ದನಂತೆ. ತೆರೆದ ಬಾಗಿಲಿನಿಂದ ನಮ್ಮ ಪರದೆ ಕಾಣುತ್ತಿತ್ತು. ಗಾಡಿಯ ಸುತ್ತ ಪಿಟ್ಟಿನ ಆಳುಗಳು ಕೆಲಸ ಮುಗಿಸಿ ಕೈಕಟ್ಟಿ ನಿಂತಿದ್ದರು. ಪಕ್ಕದ ರಸ್ತೆಯಲ್ಲಿ ಶೃಂಗೇರಿಯ ಗಾಡಿ ಒಂದು ಸಲ ಹೋಯಿತು. ಮೊಸರು ಬರುವಾಗ ಇನ್ನೊಂದು ಸಲ ಹೋಯಿತು.

ಅಣ್ಣಯ್ಯ ನನ್ನ ಕಿವಿಯಲ್ಲಿ, "ಇದು ಉಪಚಾರ ಅಲ್ಲ ತಂಗೀ" ಅಂದ.

"ಹಾಗೆಲ್ಲ ಹೇಳಬಾರದು. ಅವರು ಭಕ್ತಿಯಿಂದ ಬಡಿಸ್ತಿದ್ದಾರೆ."

"ಮೊದಲನೇ ಸೌಟು ಭಕ್ತಿ. ಆಮೇಲಿನದು ಬ್ರೇಕು."

ಅಜ್ಜ ಮೊಸರನ್ನ ಕಲಸುತ್ತ ತಲೆ ಎತ್ತಿ ಬಾಗಿಲಿನಾಚೆ ಪರದೆಯನ್ನೇ ನೋಡಿದರು. ಆಮೇಲೆ ಅಣ್ಣಯ್ಯನ ಕಡೆ ತಿರುಗಿ ಮರುಕದಿಂದ ಕೇಳಿದರು:

"ಯಾರದ್ದು ಮಾರಾಯ ಆ ಗಾಡಿ? ಆಗಿಂದ ನಿಂತೇ ಇದೆ. ಪಾಪ, ಡ್ರೈವರ್ ಇಲ್ವಾ ಅದಕ್ಕೆ?"

೫. ಹರಕೆ

ಇದು ಚಿಕ್ಕದು. ನಾಲ್ಕನೇ ವರ್ಷ ಕಂಡಕ್ಟರ್ ನನಗೆ ಹೇಳದೆ ಹರಕೆ ಹೊತ್ತಿದ್ದ: ಎದುರಾಳಿಯ ಎಣ್ಣೆ ನಡುದಾರಿಯಲ್ಲಿ ಮುಗಿದರೆ ಈಡುಗಾಯಿ ಒಡೆಸುತ್ತೇನೆ ಎಂದು. ಎಣ್ಣೆ ಮುಗಿಯಿತು. ಮುಗಿದದ್ದು ಎನ್.ಆರ್. ಪುರದವರದು. ಅವರು ಅಣೆಕಟ್ಟಿನ ಹಿನ್ನೀರಿನ ಊರಿನವರು, ತುಂಬಿದ್ದು ತುಂಬಿಯೇ ಇರುತ್ತದೆ ಎಂಬ ನಂಬಿಕೆ. ಪಿಟ್ಟಿನ ದಾರಿ ಬಿಟ್ಟು ಮುಂದೆ ಹೋಗಿ ನಡುರಸ್ತೆಯಲ್ಲಿ ನಿಂತರು. ಅವರ ಹಿಂದೆಯೇ ಬರುತ್ತಿದ್ದ ನಾವು ಅವರಿಗೆ ಗುದ್ದಿದೆವು. ಶೃಂಗೇರಿಯವರು ಗೆದ್ದರು.

"ಅಕ್ಕಾ, ಎದುರಾಳಿ ಅಂದ್ರೆ ಯಾರು ಅಂತ ದೇವರು ಒಂದು ಮಾತು ಕೇಳಬಾರದಿತ್ತಾ?"

"ಹೇಳಬೇಕಾದವನು ನೀನು. ಅವನಿಗೆ ಮೂರೂ ಊರಿನವರು ಮಕ್ಕಳೇ."

"ಹಾಗಾದ್ರೆ ಕಾಯಿ ಒಡೆಸಬೇಕಾ, ಬೇಡ್ವಾ?"

ಕೊಟ್ಟ ಮಾತು ಮಾತೇ ಎಂದು ಒಡೆಸಿದೆ. ಸ್ಟುಡಿಯೋದವರು ಅಲ್ಲೇ ನಿಂತು ನೋಡುತ್ತಿದ್ದರು. ವಿಷಯ ತಿಳಿದ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ. ಚೀಲ ಬಿಡಿಸಿ ಹಿಡಿದರು. "ಎಣ್ಣೆ ನಮ್ಮದು ಹೋಗಿದ್ದು. ಎರಡು ಹೋಳು ಜಾಸ್ತಿ ಹಾಕಿ."

೬. ನಾಲ್ಕು ಸೆಕೆಂಡ್

ಐದನೇ ವರ್ಷ ಶೃಂಗೇರಿಯ ಯಜಮಾನರು ಹೇಳಿ ಕಳಿಸಿದರು: ಸೆಂಟರ್ ಮುಚ್ಚುತ್ತಿದ್ದೇನೆ, ಮೊಬೈಲ್ ಅಂಗಡಿ ಇಡುತ್ತೇನೆ, ಇದೇ ಕೊನೆಯ ಓಟ. ಗೆದ್ದವರಿಗೆ ಸ್ಟೇರಿಂಗ್ ಪೂರ್ತಿ ಸ್ವಂತ.

ಅಂದರೆ ಗೆದ್ದರೆ ಅದು ಎಂದೆಂದಿಗೂ ಅಣ್ಣಯ್ಯನ ಕೈಯಲ್ಲಿ. ಸೋತರೆ ಭಾನುವಾರದ ಅರ್ಧ ತಾಸೂ ಇಲ್ಲ.

ನಾವು ಎಲ್ಲ ಕಲಿತಿದ್ದೆವು. ಮನೆಯಿಂದಲೇ ಅವಲಕ್ಕಿ ಕಟ್ಟಿಕೊಂಡು ಹೋಗಿ ಬಸ್ಸಿನಲ್ಲೇ ತಿಂದು ಮುಗಿಸಿದೆವು. ಇನ್ನು ಹರಕೆ ಹೊರುವುದಿಲ್ಲ ಎಂದು ಕಂಡಕ್ಟರ್ ದೇವರ ಮುಂದೆ ಹರಕೆ ಹೊತ್ತಿದ್ದ. ನಾನು ಬೆಳಗಿನ ಲಿಂಗಪೂಜೆಯಲ್ಲಿ ಬೇರೇನೂ ಕೇಳಲಿಲ್ಲ. "ಅಪ್ಪಾ, ಗೆರೆ ಮುಟ್ಟುವಷ್ಟು ಎಣ್ಣೆ ಕೊಡು" ಎಂದಷ್ಟೇ ಕೇಳಿದೆ.

ಕೇಳಿದ್ದನ್ನು ಅವನು ಅಕ್ಷರಶಃ ಕೊಟ್ಟ.

ಓಟ ಮುಗಿಯುವ ಕ್ರಮ ಹೀಗೆ: ಗಡಿಯಾರದಲ್ಲಿ ಆರು ತಾಸು ತುಂಬಿದ ಮೇಲೆ ಮುಂದಿದ್ದವರು ಸುತ್ತು ಮುಗಿಯುವ ಗೆರೆ ದಾಟಿದರೆ ಗೆದ್ದಂತೆ. ಆರು ತಾಸು ತುಂಬುವ ಮೊದಲೇ ದಾಟಿದರೆ ಇನ್ನೊಂದು ಸುತ್ತು ಓಡಬೇಕು. ಕೊನೆಯ ತಾಸಿನಲ್ಲಿ ಶೃಂಗೇರಿಯವರು ಚೂರು ಎಣ್ಣೆ ಹಾಕಿಸಲು ಇನ್ನೊಮ್ಮೆ ಪಿಟ್ಟಿಗೆ ಹೋದರು. ನಾವು ಹೋಗಲಿಲ್ಲ. ಇಳಿಜಾರಿನಲ್ಲೆಲ್ಲ ನ್ಯೂಟ್ರಲ್ ಹಾಕಿ ಉಳಿಸಿದ ಎಣ್ಣೆ ನಮ್ಮ ಕೊನೆಯ ಸುತ್ತು ಮುಗಿಸಲು ಸರಿಯಾಗಿ ಸಾಕಿತ್ತು. ಶೃಂಗೇರಿಯವರು ನಮಗಿಂತ ಅರ್ಧ ನಿಮಿಷ ಹಿಂದೆ ಬಿದ್ದರು. ಎನ್.ಆರ್. ಪುರದವರು ಎಷ್ಟು ಹಿಂದೆ ಇದ್ದರೆಂದರೆ ಸ್ಟುಡಿಯೋದವರು ಎದ್ದು ಬಂದು ನಮ್ಮ ಫೋಟೋ ತೆಗೆಯಲು ನಿಂತಿದ್ದರು.

ಕೊನೆಯ ತಿರುವು. ಅಣ್ಣಯ್ಯ "ಪೋಂ" ಅಂದ. ದೂರದಲ್ಲಿ ಗೆರೆ ಕಂಡಿತು. ನಾನು ಗಡಿಯಾರ ನೋಡಿದೆ. ಇನ್ನೂ ಸಮಯವಿತ್ತು.

"ಅಣ್ಣಯ್ಯಾ, ನಿಧಾನ. ಬೇಗ ಬಂದಿದ್ದೀವಿ."

"ಹಿಂದೆ ಗಾಡಿ ಬರ್ತಾ ಇದೆ."

"ಅದು ದೂರ ಇದೆ. ಬ್ರೇಕ್ ಒತ್ತು. ಗಡಿಯಾರ ಮುಗೀಲಿ."

"ಸ್ಟಾಪ್ ಎದುರಿಗೆ ಕಾಣ್ತಾ ಇದೆ, ಹಿಂದೆ ಗಾಡಿ ಬರ್ತಾ ಇದೆ, ಬ್ರೇಕ್ ಒತ್ತು ಅಂತೀಯಲ್ಲ ಮಾರಾಯ್ತಿ" ಅಂದವನು ಎಕ್ಸಲೇಟರ್ ಒತ್ತಿದ. ಅವನ ಕಣ್ಣಿಗೆ ಅದು ಗೆರೆಯಲ್ಲ, ಬಸರೀಕಟ್ಟೆ ಸ್ಟಾಪು. ಹಿಂದೆ ಬರುತ್ತಿದ್ದದ್ದು ಬಸ್ಸು.

ಗೆರೆ ದಾಟಿದೆವು. ಅಣ್ಣಯ್ಯ ಎರಡೂ ಕೈ ಮೇಲೆತ್ತಿದ. ಸ್ಟುಡಿಯೋದವರು ಫೋಟೋ ತೆಗೆದರು. ಗಡಿಯಾರದಲ್ಲಿ ಇನ್ನೂ ನಾಲ್ಕು ಸೆಕೆಂಡ್ ಇತ್ತು.

"ಕೈ ಇಳಿಸು ಅಣ್ಣಯ್ಯಾ" ಎಂದೆ. "ಇನ್ನೊಂದು ಸುತ್ತು."

ಮುಂದಿದ್ದವರು ಮುಗಿಸದೆ ಓಟ ಮುಗಿಯದ್ದರಿಂದ ಹಿಂದಿದ್ದವರೂ ಆ ಸುತ್ತು ಓಡಬೇಕಿತ್ತು. ಆದರೆ ಅವರ ಟ್ಯಾಂಕಿನಲ್ಲಿ ಎಣ್ಣೆ ಇತ್ತು. ನಮ್ಮದು ಏರು ಹತ್ತುವಾಗಲೇ ಕೆಮ್ಮತೊಡಗಿತು. ನೆತ್ತಿ ತಲುಪಿ ಇಂಜಿನ್ ನಿಂತಿತು. ಅಣ್ಣಯ್ಯ ನ್ಯೂಟ್ರಲ್‌ಗೆ ಹಾಕಿದ. ಗಾಡಿ ಸದ್ದಿಲ್ಲದೆ ಇಳಿಯಿತು. ಬ್ರೇಕ್ ಮುಟ್ಟದೆ, ಒಂದು ತಿರುವಿನಲ್ಲೂ ವೇಗ ಕಳೆಯದೆ ಅವನು ಇಳಿಸಿದ್ದನ್ನು ನೋಡಿ ಶೃಂಗೇರಿಯ ಯಜಮಾನರೂ ಎದ್ದು ಬಂದು ನಮ್ಮ ಹಿಂದೆ ನಿಂತರು. ಅಷ್ಟು ಚೆಂದದ ಡ್ರೈವಿಂಗ್ ನಾನು ನೋಡಿಲ್ಲ. ಕೊನೆಯ ತಿರುವಿಗೆ ಅವನು ಪೋಂ ಅನ್ನಲಿಲ್ಲ. ಉಸಿರು ಬಿಟ್ಟರೂ ಗಾಡಿಯ ಓಟ ಕಡಿಮೆಯಾಗುತ್ತದೆ ಎಂಬ ಹಾಗೆ ಬಿಗಿಹಿಡಿದು ಕುಳಿತಿದ್ದ.

ಸಮತಟ್ಟು ಬಂತು. ಗಾಡಿ ನಿಧಾನವಾಯಿತು. ಇನ್ನೂ ನಿಧಾನವಾಯಿತು. ಗೆರೆಯ ಬಿಳಿ ಬಣ್ಣ ಕಾಣುವಲ್ಲಿ, ಎರಡು ಗಾಡಿ ಉದ್ದದಷ್ಟು ಈಚೆಗೆ, ನಿಂತುಬಿಟ್ಟಿತು.

ಅಣ್ಣಯ್ಯ ಕುರ್ಚಿಯಿಂದ ಇಳಿದ. ಇಪ್ಪತ್ತು ವರ್ಷ ಹೇಗೆ ಇಳಿಯುತ್ತಿದ್ದನೋ ಹಾಗೇ, ಬಲಗಡೆಗೆ ಇಳಿದು ಹಿಂದಕ್ಕೆ ಹೋದ. ಪಂಚೆ ಎತ್ತಿ ಕಟ್ಟಿದ. ಕಂಪ್ಯೂಟರ್ ಇದ್ದ ಮೇಜಿಗೆ ಹೆಗಲು ಕೊಟ್ಟು, "ಕಂಡಕ್ಟ್ರೇ, ಎಂತ ನೋಡ್ತಾ ನಿಂತಿದ್ದೀಯ? ಇಳಿ, ತಳ್ಳು" ಅಂದ.

ಕಂಡಕ್ಟರ್ ಬಂದು ಹೆಗಲು ಕೊಟ್ಟ. ಮೇಜು ಕಿರ್ ಎಂದು ಜರುಗಿತು. ಸ್ಟುಡಿಯೋದವರು ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಅವರೂ ಕೈ ಹಾಕಿದರು. "ಐಸಾ" ಎಂದು ಒಳಬಾಗಿಲಿನಿಂದ ಅಜ್ಜ ದನಿ ಕೊಟ್ಟರು. ಮೇಜು ಗೋಡೆಯಿಂದ ಬಾಗಿಲವರೆಗೆ ಬಂತು. ವಯರು ಬಿಗಿಯಾಯಿತು, ಪ್ಲಗ್ ಕಿತ್ತು ಬಂತು, ಪರದೆ ಕಪ್ಪಾಯಿತು. ಅದಕ್ಕೆ ಸ್ವಲ್ಪ ಮೊದಲು, ಪಕ್ಕದ ಕಂಪ್ಯೂಟರಿನಲ್ಲಿ ಶೃಂಗೇರಿಯ ಗಾಡಿ ನಮ್ಮನ್ನು ದಾಟಿ ಗೆರೆ ಮುಟ್ಟಿದ್ದನ್ನು ನಾನೊಬ್ಬಳೇ ನೋಡಿದೆ.

ಅಣ್ಣಯ್ಯ ಕಪ್ಪು ಪರದೆಯ ಮುಂದೆ ನಿಂತು ಕೇಳಿದ: "ಎಷ್ಟು ಬೇಗ ಬಂದಿದ್ವಿ ತಂಗೀ?"

"ನಾಲ್ಕು ಸೆಕೆಂಡ್."

ಕಂಡಕ್ಟರ್ ಹೆಗಲು ಒರೆಸಿಕೊಳ್ಳುತ್ತ ಮೇಜಿನ ಮೇಲೆ ಕುಳಿತ. ಅವನ ಕಣ್ಣಲ್ಲಿ ನೀರಿತ್ತು. ನಗುವಿನದೋ ಅಳುವಿನದೋ ನನಗೆ ಗೊತ್ತಾಗಲಿಲ್ಲ. "ಇಪ್ಪತ್ತು ವರ್ಷ ನಮ್ಮ ಬಸ್ಸಿಗಿಂತ ಅಷ್ಟೇ ಮುಂಚೆ ಬರ್ತಿದ್ದೆ ಮಾರಾಯ ನೀನು" ಅಂದ. "ದಿನಾ ಶಾಪ ಹಾಕ್ತಿದ್ದೆ. ತಗುಲೋ ಹೊತ್ತಿಗೆ ನಾನೇ ನಿನ್ನ ಗಾಡೀಲಿ ಕೂತಿದ್ದೆ."

ಸ್ಟೇರಿಂಗ್ ಅವರ ಮನೆಯ ಅಟ್ಟ ಸೇರಿತು. ನಮಗೆ ಸಿಕ್ಕಿದ್ದು ಸ್ಟುಡಿಯೋದವರು ತೊಳೆಸಿ ಕೊಟ್ಟ ಫೋಟೋ: ಅಣ್ಣಯ್ಯ ಎರಡೂ ಕೈ ಮೇಲೆತ್ತಿ ನಗುತ್ತಿದ್ದಾನೆ. ಹೊಸಬರು ನೋಡಿದರೆ ಗೆದ್ದಿದ್ದಾರೆ ಎಂದೇ ತಿಳಿಯಬೇಕು. ಶಿವನ ಹತ್ತಿರ ನಾನು ಈಗಲೂ ಈ ಬಗ್ಗೆ ಜಗಳವಾಡುತ್ತೇನೆ. ಯುಗಗಳ ಲೆಕ್ಕ ಇಡುವವನಿಗೆ ನಾಲ್ಕು ಸೆಕೆಂಡ್ ಒಂದು ದೊಡ್ಡದಾ ಎಂದು ಕೇಳುತ್ತೇನೆ. ಅವನು ಅಂಗೈಯಲ್ಲಿ ಸುಮ್ಮನೆ ಕುಳಿತಿರುತ್ತಾನೆ.

ಅಣ್ಣಯ್ಯ ಊಟಕ್ಕೆ ಕುಳಿತರೆ ಇವತ್ತಿಗೂ ತಟ್ಟೆ ತಿರುಗಿಸುತ್ತಾನೆ. ಆದರೆ ಅತ್ತಿಗೆ ಈಗ ಒರೆಸುವುದಿಲ್ಲ. ಸಾರು ಚೂರೇ ಬಡಿಸಿ ಪಾತ್ರೆಯನ್ನು ಪಕ್ಕದಲ್ಲೇ ಇಟ್ಟುಕೊಂಡು ಕುಳಿತು ಹೇಳುತ್ತಾರೆ: "ತುಂಬಿಸಿದ್ರೆ ತಿರುವಲ್ಲಿ ಚೆಲ್ತದೆ. ಕಾಲು ಟ್ಯಾಂಕ್ ಸಾಕು. ಬೇಕಾದ್ರೆ ಮತ್ತೆ ನಿಲ್ಸಿ, ಹಾಕ್ತೇನೆ."

ಇಷ್ಟು ಹೊತ್ತು ಕುಳಿತು ಕೇಳಿದ ನಿಮ್ಮೆಲ್ಲರ ಮನೆಯ ದೀಪ ಆರದಿರಲಿ. ನಿಮ್ಮ ಗಾಡಿ ಏರಿನಲ್ಲಿ ಕೆಮ್ಮದಿರಲಿ. ಗೆರೆ ಮುಟ್ಟುವಷ್ಟು ಎಣ್ಣೆಯನ್ನು ಶಿವ ನಿಮಗೆ ಕೊಡಲಿ; ನನ್ನ ಹಾಗೆ ಕೇಳಲು ಬಾರದವರಿಗೆ, ಕೇಳಿದ್ದಕ್ಕಿಂತ ಒಂದು ಸುತ್ತಿನಷ್ಟು ಹೆಚ್ಚಿಗೇ ಕೊಡಲಿ.